ಐಎಫ್‌ಟಿ88 ಆಂಟಿಬಾಡಿ: ಸಿಲಿಯಾ ಬುಡದ ಚುಕ್ಕೆ ನಿಜವಾ, ನ್ಯೂಕ್ಲಿಯಸ್‌ನ ಹೊಳಪು ಏನು?

ಸಿಲಿಯಾ_ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಪ್ರೈಮರಿ ಸಿಲಿಯಾ. ಈ ಕ್ಷೇತ್ರದವರಲ್ಲದವರಿಗೆ ಎರಡು ಮಾತು. ನಮ್ಮ ದೇಹದ ಬಹಳಷ್ಟು ಬಗೆಯ ಜೀವಕೋಶಗಳ ಮೇಲೆ ಒಂದೇ ಒಂದು ಸಣ್ಣ ಎಳೆ ಎದ್ದು ನಿಂತಿರುತ್ತದೆ. ಉಸಿರಾಟದ ನಾಳದ ಸಿಲಿಯಾ ಥರ ಇದು ಬಡಿಯುವುದಿಲ್ಲ, ಹೊರಗಿನ ಸಂಕೇತಗಳನ್ನು ಹಿಡಿದು ಒಳಗೆ ತಿಳಿಸುತ್ತದೆ. ಇದನ್ನು ಕಟ್ಟಲು ಬೇಕಾದ ಸಾಮಾನನ್ನು ಬುಡದಿಂದ ತುದಿಗೆ ಸಾಗಿಸುವ ಪ್ರೋಟೀನ್ ಗುಂಪಿನಲ್ಲಿ ಐಎಫ್‌ಟಿ88 ಒಂದು. ನನ್ನ ಕೆಲಸ ಪೂರ್ತಿ ನಿಂತಿರುವುದು ಈ ಪ್ರೋಟೀನ್ ಎಲ್ಲಿದೆ, ಎಷ್ಟಿದೆ ಅನ್ನುವುದರ ಮೇಲೆ. ಅದನ್ನು ನೋಡುವುದು ಆಂಟಿಬಾಡಿಯಿಂದ: ಪ್ರೈಮರಿ ಆಂಟಿಬಾಡಿ ಆ ಪ್ರೋಟೀನ್‌ಗೆ ಅಂಟುತ್ತದೆ, ಹೊಳೆಯುವ ಬಣ್ಣ ಹೊತ್ತ ಸೆಕೆಂಡರಿ ಆಂಟಿಬಾಡಿ ಆ ಪ್ರೈಮರಿಗೆ ಅಂಟುತ್ತದೆ.

ಬಳಸುತ್ತಿರುವುದು ಆರ್‌ಪಿಇ1 ಅನ್ನುವ, ಮನುಷ್ಯರ ರೆಟಿನಾದಿಂದ ಬಂದ ಸೆಲ್‌ಗಳು. ಸಿಲಿಯಂ ಬೆಳೆಯಲೆಂದು ಸೀರಮ್ ತೆಗೆದು 48 ಗಂಟೆ ಬಿಟ್ಟು, 4% ಪಿಎಫ್‌ಎಯಲ್ಲಿ (ಪ್ಯಾರಾಫಾರ್ಮಾಲ್ಡಿಹೈಡ್) ಫಿಕ್ಸ್ ಮಾಡಿ, ಆಂಟಿಬಾಡಿ ಒಳಹೋಗಲು ಟ್ರೈಟಾನ್ ಹಾಕಿ, ಅದು ಸಿಕ್ಕಸಿಕ್ಕಲ್ಲಿ ಅಂಟದಂತೆ ಬಿಎಸ್‌ಎ ಪ್ರೋಟೀನ್‌ನಲ್ಲಿ ಬ್ಲಾಕ್ ಮಾಡುತ್ತೇನೆ. ಐಎಫ್‌ಟಿ88ಗೆ ಮೊಲದ ಪಾಲಿಕ್ಲೋನಲ್ ಆಂಟಿಬಾಡಿ (ಮೊಲದ ರಕ್ತದಿಂದ ತೆಗೆದ ಹಲವು ಆಂಟಿಬಾಡಿಗಳ ಮಿಶ್ರಣ), 1:200. ಜೊತೆಗೆ ಸಿಲಿಯಂ ಗುರುತಿಸಲು ಅಸಿಟೈಲೇಟೆಡ್ ಟ್ಯೂಬುಲಿನ್‌ಗೆ 6-11ಬಿ-1 ಅನ್ನುವ ಇಲಿಯ ಆಂಟಿಬಾಡಿ. ಸೆಕೆಂಡರಿ: ಮೊಲದ್ದಕ್ಕೆ ಅಲೆಕ್ಸಾ 568 (ಕೆಂಪು), ಇಲಿಯದ್ದಕ್ಕೆ 488 (ಹಸಿರು).

ಕಾಣುತ್ತಿರುವುದು ಹೀಗೆ. ಸಿಲಿಯಂ ಉದ್ದಕ್ಕೂ ಚುಕ್ಕೆಗಳಿವೆ, ಬುಡದಲ್ಲಿ ಮತ್ತು ತುದಿಯಲ್ಲಿ ಜಾಸ್ತಿ. ಇದು ಎಲ್ಲ ಪೇಪರ್‌ಗಳಲ್ಲೂ ಇರುವಂಥದ್ದೇ. ಆದರೆ ಸಿಲಿಯಂ ಇಲ್ಲದ ಸೆಲ್‌ಗಳಲ್ಲೂ ನ್ಯೂಕ್ಲಿಯಸ್ ಪಕ್ಕ ಒಂದು ಗಟ್ಟಿ ಚುಕ್ಕೆ ಇದೆ. ಅದರ ಮೇಲೆ ನ್ಯೂಕ್ಲಿಯಸ್ ಪೂರ್ತಿ ಮಂಜು ಕವಿದ ಹಾಗೆ ಮಸುಕು ಹೊಳಪು. ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಈ ಮೂರರಲ್ಲಿ ಐಎಫ್‌ಟಿ88 ಯಾವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪನಿಯ ಡೇಟಾಶೀಟ್‌ನಲ್ಲಿ "ವ್ಯಾಲಿಡೇಟೆಡ್" ಅಂತ ಇದೆ. ಸೀನಿಯರ್ ಒಬ್ಬರು "ಎಲ್ಲರೂ ಇದನ್ನೇ ಬಳಸ್ತಾರೆ, ಸುಮ್ನೆ ಮುಂದೆ ಹೋಗು" ಅಂದರು. ನನಗೆ ಹಾಗೆ ಹೋಗಲು ಮನಸ್ಸಿಲ್ಲ.

ಎಸ್‌ಐಆರ್‌ಎನ್‌ಎ (ಒಂದು ಜೀನ್‌ನ ಪ್ರೋಟೀನ್ ತಯಾರಾಗದಂತೆ ತಡೆಯುವ ಸಣ್ಣ ಆರ್‌ಎನ್‌ಎ) ಹಾಕಿ ಐಎಫ್‌ಟಿ88 ಇಳಿಸಿ, ಅಂದರೆ ನಾಕ್‌ಡೌನ್ ಮಾಡಿ, ಸಿಲಿಯಂ ಮೇಲಿನ ಸಿಗ್ನಲ್ ಹೋಗುತ್ತದಾ ನೋಡೋಣ ಅಂದುಕೊಂಡಿದ್ದೇನೆ. ಅಷ್ಟು ಸಾಕಾ? ವಯಲ್‌ನಲ್ಲಿ ಉಳಿದಿರುವುದು ಕಡಿಮೆ, ಹೊಸದು ತರಿಸಲು ವಾರಗಟ್ಟಲೆ ಬೇಕು. ಹಾಗಾಗಿ ಯಾವ ಕಂಟ್ರೋಲ್ ಮೊದಲು ಮಾಡಬೇಕು ಅಂತ ಅನುಭವಸ್ಥರು ಹೇಳಿದರೆ ದೊಡ್ಡ ಉಪಕಾರ.

ತುಂಗಾತೀರ

ಒಳ್ಳೆಯ ಪ್ರಶ್ನೆ. ನಾನು ಹೊರದೇಶದಲ್ಲಿ ಪೋಸ್ಟ್‌ಡಾಕ್, ಸಿಲಿಯಾ ಮೇಲೆಯೇ ಕೆಲಸ. ನೀವು ಹೇಳಿದ ಪ್ಲಾನ್‌ನಲ್ಲಿ ಒಂದು ದೊಡ್ಡ ತೊಡಕಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಐಎಫ್‌ಟಿ88 ಇಲ್ಲದಿದ್ದರೆ ಸಿಲಿಯಂ ಬೆಳೆಯುವುದೇ ಇಲ್ಲ. ಇದು ಹಳೆಯ, ಗಟ್ಟಿಯಾದ ಮಾಹಿತಿ. ಅಮೆರಿಕದ ಓಕ್ ರಿಜ್‌ನಲ್ಲಿ ಸಿಕ್ಕ ಒಂದು ಇಲಿ ತಳಿಗೆ ಕಿಡ್ನಿ ತುಂಬ ನೀರುಗುಳ್ಳೆ. ಅದರಲ್ಲಿ ಕೆಟ್ಟಿದ್ದ ಜೀನ್ ಟಿಜಿ737 ಅಂತ 1994ರಲ್ಲಿ ವರದಿಯಾಯಿತು, ಆದರೆ ಅದು ಏನು ಮಾಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 2000ದಲ್ಲಿ ಕ್ಲಾಮಿಡೊಮೊನಾಸ್ ಅನ್ನುವ ಹಸಿರು ಪಾಚಿಯಲ್ಲಿ ಐಎಫ್‌ಟಿ88 ಜೀನ್ ಹುಡುಕಿದಾಗ ಎರಡೂ ಒಂದೇ ಜೀನ್ ಅಂತ ತಿಳಿಯಿತು. ಪಾಚಿಯಲ್ಲಿ ಅದು ಹೋದರೆ ಬಾಲಗಳೇ ಇಲ್ಲ, ಆ ಇಲಿಯ ಕಿಡ್ನಿಯಲ್ಲಿ ಸಿಲಿಯಾ ಗಿಡ್ಡ. ಕಿಡ್ನಿ ಕಾಯಿಲೆಗೂ ಸಿಲಿಯಾಗೂ ನಂಟಿದೆ ಅಂತ ಜನ ಗಂಭೀರವಾಗಿ ನೋಡಲು ಶುರು ಮಾಡಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ನನಗೆ ಈ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಕಥೆ ಇದು, ಅದಕ್ಕೇ ಸ್ವಲ್ಪ ಉದ್ದ ಆಯ್ತು.

ಈಗ ನಿಮ್ಮ ಪ್ರಯೋಗಕ್ಕೆ ಬನ್ನಿ. ನೀವು ಐಎಫ್‌ಟಿ88 ಇಳಿಸುತ್ತೀರಿ, ಸಿಲಿಯಂ ಹೋಗುತ್ತದೆ, ಸಿಲಿಯಂ ಮೇಲಿನ ಕೆಂಪು ಸಿಗ್ನಲ್ಲೂ ಹೋಗುತ್ತದೆ. ಅದರಿಂದ ಆಂಟಿಬಾಡಿ ಸರಿ ಅಂತ ಆಗಲಿಲ್ಲ. ನಿಮ್ಮ ಆಂಟಿಬಾಡಿ ಸಿಲಿಯಂನಲ್ಲಿರುವ ಬೇರೆ ಯಾವುದೋ ಪ್ರೋಟೀನ್ ಹಿಡಿಯುತ್ತಿದ್ದರೂ ಫಲಿತಾಂಶ ಹೀಗೇ ಬರುತ್ತಿತ್ತು. ಗೋಡೆಯನ್ನೇ ಕೆಡವಿ, ಅದರ ಮೇಲಿದ್ದ ಕ್ಯಾಲೆಂಡರ್ ಕಾಣುತ್ತಿಲ್ಲ ಅಂದ ಹಾಗೆ. ಎಆರ್‌ಎಲ್13ಬಿ ಅನ್ನುವ ಇನ್ನೊಂದು ಸಿಲಿಯಾ ಪ್ರೋಟೀನ್‌ನ ಆಂಟಿಬಾಡಿ ಹಾಕಿ ನೋಡಿ, ಸಿಲಿಯಂ ಇಲ್ಲದ ಸೆಲ್‌ನಲ್ಲಿ ಆ ಎಳೆಯೂ ಕಾಣುವುದಿಲ್ಲ. ಹಾಗಂತ ಅದು ಐಎಫ್‌ಟಿ88 ಆಂಟಿಬಾಡಿ ಆಗಿಬಿಡುತ್ತದಾ?

ಆದ್ದರಿಂದ ನೋಡಬೇಕಾದದ್ದು ಸಿಲಿಯಂ ಅಲ್ಲ, ಬುಡ. ಐಎಫ್‌ಟಿ88 ತಾಯಿ ಸೆಂಟ್ರಿಯೋಲ್ (ಸಿಲಿಯಂ ಮೊಳೆಯುವ ಬುಡದ ರಚನೆ) ಹತ್ತಿರವೂ ಇರುತ್ತದೆ, ಸಿಲಿಯಂ ಇಲ್ಲದಾಗಲೂ ಇರುತ್ತದೆ. ಅಂದರೆ ನಿಮ್ಮ "ಸಿಲಿಯಂ ಇಲ್ಲದ ಸೆಲ್‌ನ ಗಟ್ಟಿ ಚುಕ್ಕೆ" ನಿಜವಾದ ಸಿಗ್ನಲ್ ಆಗಿರಲು ಸಾಧ್ಯವಿದೆ. ಸೆಂಟ್ರೋಸೋಮ್ (ಸೆಂಟ್ರಿಯೋಲ್‌ಗಳಿರುವ ಜಾಗ) ಗುರುತಿಸುವ ಗಾಮಾ ಟ್ಯೂಬುಲಿನ್ ಜೊತೆ ಸ್ಟೇನ್ ಮಾಡಿ. ನಾಕ್‌ಡೌನ್ ಆದ ಮೇಲೂ ಗಾಮಾ ಟ್ಯೂಬುಲಿನ್ ಅಲ್ಲೇ ಇರುತ್ತದೆ, ಸೆಂಟ್ರೋಸೋಮ್ ಎಲ್ಲೂ ಹೋಗುವುದಿಲ್ಲ. ಅದರ ಪಕ್ಕದ ಕೆಂಪು ಚುಕ್ಕೆ ಮಾತ್ರ ಇಳಿದರೆ ಆ ಚುಕ್ಕೆ ಐಎಫ್‌ಟಿ88 ಅನ್ನಲು ನಿಮಗೆ ಆಧಾರ ಸಿಕ್ಕಿತು. ಇಳಿಯದಿದ್ದರೆ ಆ ಚುಕ್ಕೆಯನ್ನು ನಂಬಬೇಡಿ.

ಜೊತೆಗೆ ಅದೇ ಸೆಲ್‌ಗಳ ವೆಸ್ಟರ್ನ್ ಬ್ಲಾಟ್ ಮಾಡಿ, ಅಂದರೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿ ಹಾಕಿ ನೋಡಿ. ಸುಮಾರು 95 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಬರಬೇಕು, ನಾಕ್‌ಡೌನ್‌ನಲ್ಲಿ ಅದು ಇಳಿಯಬೇಕು. ಬೇರೆ ಬ್ಯಾಂಡ್‌ಗಳು ಹಾಗೇ ಉಳಿದರೆ ಅವು ಬೇರೆ ಪ್ರೋಟೀನ್. ಬ್ಲಾಟ್‌ನಲ್ಲಿ ಪಾಸ್ ಆದ ಮಾತ್ರಕ್ಕೆ ಮೈಕ್ರೋಸ್ಕೋಪ್ ಕೆಳಗೂ ಪಾಸ್ ಅಂತ ಅಲ್ಲ. ಬ್ಲಾಟ್‌ನಲ್ಲಿ ಪ್ರೋಟೀನ್ ಮಡಿಕೆ ಬಿಚ್ಚಿ ಹರಡಿರುತ್ತದೆ, ಪಿಎಫ್‌ಎಯಲ್ಲಿ ಮಡಿಕೆ ಹಾಗೇ ಇದ್ದು ಅಕ್ಕಪಕ್ಕದ್ದಕ್ಕೆ ಅಂಟಿರುತ್ತದೆ. ಎರಡೂ ಬೇರೆ ಬೇರೆ ಪರೀಕ್ಷೆ. ಆದರೂ ವಯಲ್‌ನಲ್ಲಿ ಕಡಿಮೆ ಇದೆ ಅಂದಿದ್ದೀರಿ, ಮೊದಲು ಬ್ಲಾಟ್ ಮಾಡಿ. ಕಡಿಮೆ ಆಂಟಿಬಾಡಿ ಸಾಕು, ಅದೇ ಡೈಲ್ಯೂಷನ್ ತೆಗೆದಿಟ್ಟು ಮತ್ತೆ ಬಳಸಬಹುದು.

ಲ್ಯಾಬ್_ಶಾಂತಕ್ಕ

ತುಂಗಾತೀರ ಅವರು ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ನಾನು ವಿಜ್ಞಾನಿ ಅಲ್ಲ, ಮೈಕ್ರೋಸ್ಕೋಪಿ ಸೌಲಭ್ಯದಲ್ಲಿ ಬಹಳ ವರ್ಷದಿಂದ ಕೆಲಸ. ನೋಡಮ್ಮ, ನಾಕ್‌ಡೌನ್‌ಗೂ ಮೊದಲು ಮಾಡುವ ಕೆಲಸ ಇದೆ, ಅದಕ್ಕೆ ನಿನ್ನ ದುಬಾರಿ ಆಂಟಿಬಾಡಿ ಒಂದು ಹನಿಯೂ ಬೇಡ.

ಒಂದು ಕವರ್‌ಸ್ಲಿಪ್‌ಗೆ ಬರೀ ಸೆಕೆಂಡರಿ ಹಾಕು. ಪ್ರೈಮರಿ ಬೇಡವೇ ಬೇಡ. ಅದೇ ಲೇಸರ್ ಪವರ್, ಅದೇ ಗೇನ್, ಅದೇ ಎಕ್ಸ್‌ಪೋಷರ್‌ನಲ್ಲಿ ಚಿತ್ರ ತೆಗೆ. ನ್ಯೂಕ್ಲಿಯಸ್ ಆಗಲೂ ಮಂಜು ಮಂಜಾಗಿ ಕಂಡರೆ ಅದಕ್ಕೂ ಐಎಫ್‌ಟಿ88ಗೂ ಸಂಬಂಧ ಇಲ್ಲ. ಇನ್ನೊಂದಕ್ಕೆ ಬರೀ 6-11ಬಿ-1 ಹಾಕಿ, ಆದರೆ ಎರಡೂ ಸೆಕೆಂಡರಿ ಹಾಕು. 568 ಚಾನೆಲ್‌ನಲ್ಲಿ ಸಿಲಿಯಂ ಆಕಾರ ಕಂಡಿತು ಅಂದರೆ ಒಂದೋ ಹಸಿರು ಬಣ್ಣ ಈ ಚಾನೆಲ್‌ಗೆ ಸೋರುತ್ತಿದೆ, ಇಲ್ಲ ಮೊಲದ್ದಕ್ಕೆ ಹಾಕಿದ ಸೆಕೆಂಡರಿ ಇಲಿಯ ಆಂಟಿಬಾಡಿಯನ್ನೂ ಹಿಡಿಯುತ್ತಿದೆ. ಅಸಿಟೈಲೇಟೆಡ್ ಟ್ಯೂಬುಲಿನ್ ಸ್ಟೇನ್ ತುಂಬ ಪ್ರಖರ, ಸೋರುವುದು ಸುಲಭ. ನಮ್ಮ ಸೌಲಭ್ಯಕ್ಕೆ ಬರುವ ಹುಡುಗರಲ್ಲಿ ಎಷ್ಟೋ ಜನ ಇದನ್ನು ನೋಡದೆ ಎರಡೂ ಬಣ್ಣ ಒಂದರ ಮೇಲೊಂದು ಕೂತಿದೆ ಅಂತ ಖುಷಿಯಾಗಿ ಹೋಗುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಕ್ರಾಸ್ ಅಡ್ಸಾರ್ಬ್ಡ್ (ಬೇರೆ ಪ್ರಾಣಿಯ ಆಂಟಿಬಾಡಿ ಹಿಡಿಯುವುದನ್ನು ತೆಗೆದುಹಾಕಿದ್ದು) ಅಂತ ಬರೆದಿರುವ ಸೆಕೆಂಡರಿಯನ್ನೇ ತೆಗೆದುಕೊಳ್ಳಬೇಕು.

ಬ್ಲಾಕಿಂಗ್‌ಗೆ ಬರೀ ಬಿಎಸ್‌ಎ ಇದೆ ಅಂದೆ. ಸೆಕೆಂಡರಿ ಮೇಕೆಯದ್ದಾದರೆ ಮೇಕೆಯ ಸೀರಮ್ 5% ಸೇರಿಸಿ ನೋಡು. ಮತ್ತೆ ಫಿಕ್ಸಿಂಗ್: ಪಿಎಫ್‌ಎ ಬದಲು ಮೈನಸ್ 20ರಲ್ಲಿ ಇಟ್ಟ ಮೆಥನಾಲ್ ಸ್ವಲ್ಪ ನಿಮಿಷ ಹಾಕಿ ಒಂದು ಕವರ್‌ಸ್ಲಿಪ್ ಮಾಡು. ಸೆಂಟ್ರೋಸೋಮ್ ಪ್ರೋಟೀನ್‌ಗಳಿಗೆ, ಗಾಮಾ ಟ್ಯೂಬುಲಿನ್‌ಗಂತೂ, ಮೆಥನಾಲ್ ಬಹಳ ಚೆನ್ನಾಗಿ ಬರುತ್ತದೆ. ಹಿನ್ನೆಲೆ ಮಂಜೂ ಎಷ್ಟೋ ಸಲ ಕಡಿಮೆ ಆಗುತ್ತದೆ. ಪೊರೆಯಲ್ಲಿ ಕೂರುವ ಪ್ರೋಟೀನ್‌ಗಳಿಗೆ ಮಾತ್ರ ಮೆಥನಾಲ್ ಒಗ್ಗದೇ ಹೋಗಬಹುದು, ಅದು ಕೊಬ್ಬನ್ನು ಕರಗಿಸುತ್ತದೆ.

ಗಾಮಾ ಟ್ಯೂಬುಲಿನ್ನೂ ಇಲಿಯದ್ದು, 6-11ಬಿ-1ಊ ಇಲಿಯದ್ದು, ಎರಡನ್ನೂ ಒಟ್ಟಿಗೆ ಹೇಗೆ ಹಾಕೋದು ಅಂತ ಯೋಚನೆ ಬರಬಹುದು. 6-11ಬಿ-1 ಐಜಿಜಿ2ಬಿ ಅನ್ನುವ ಬಗೆಯ ಆಂಟಿಬಾಡಿ. ಗಾಮಾ ಟ್ಯೂಬುಲಿನ್‌ಗೆ ಜಿಟಿಯು-88 ಅನ್ನುವ ಕ್ಲೋನ್ ತಗೋ, ಅದು ಐಜಿಜಿ1. ಆ ಆ ಬಗೆಯನ್ನಷ್ಟೇ ಹಿಡಿಯುವ ಸೆಕೆಂಡರಿಗಳು ಸಿಗುತ್ತವೆ. ಮೂರು ಬಣ್ಣ ಆರಾಮಾಗಿ ಆಗುತ್ತದೆ.

ಇನ್ನು ವಯಲ್ ವಿಚಾರ. ಹೊಸದು ಬಂದ ದಿನವೇ ಡಬ್ಬಿ ತೆಗೆದು ಐಸ್ ಪ್ಯಾಕ್ ಮುಟ್ಟಿ ನೋಡು. ಒಂದು ಸಲ ಒಬ್ಬ ಸರಬರಾಜುದಾರರಿಂದ ನಮಗೆ ಬಂದ ಪಾರ್ಸೆಲ್ ಪೂರ್ತಿ ಬೆಚ್ಚಗಿತ್ತು, ಎಲ್ಲಿ ಎಷ್ಟು ದಿನ ಬಿದ್ದಿತ್ತೋ ಗೊತ್ತಾಗಲಿಲ್ಲ. ಫೋಟೋ ತೆಗೆದು ಅವತ್ತೇ ಬರೆದಿದ್ದಕ್ಕೆ ಬದಲಿ ಕಳಿಸಿದರು. ಗ್ಲಿಸರಾಲ್ ಇರುವ ಆಂಟಿಬಾಡಿ ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ, ಅದು ಒಳ್ಳೆಯದೇ. ಗ್ಲಿಸರಾಲ್ ಇಲ್ಲದ್ದನ್ನು ಚಿಕ್ಕ ಚಿಕ್ಕ ಟ್ಯೂಬ್‌ಗೆ ಹಂಚಿಡು, ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಿದರೆ ಹಾಳಾಗುತ್ತದೆ. ಬ್ಲಾಟ್‌ಗೆ ಎಚ್‌ಆರ್‌ಪಿ (ಬ್ಯಾಂಡ್ ಕಾಣುವಂತೆ ಮಾಡುವ ಎಂಜೈಮ್) ಬಳಸುವಾಗ ಅದರ ಬಫರ್‌ನಲ್ಲಿ ಸೋಡಿಯಂ ಅಜೈಡ್ ಇರಬಾರದು, ಅಜೈಡ್ ಆ ಎಂಜೈಮನ್ನು ತಡೆಯುತ್ತದೆ.

ಹಳೆಮೈಸೂರು

ಬುಡದ ಚುಕ್ಕೆ ಬಗ್ಗೆ ಒಂದು ಎಚ್ಚರಿಕೆ, ಯಾಕೆಂದರೆ ಇದು ಮೊಲದ ಪಾಲಿಕ್ಲೋನಲ್.

ಏನೂ ಇಂಜೆಕ್ಷನ್ ಕೊಡದ ಸಾದಾ ಮೊಲಗಳ ಸೀರಮ್‌ನಲ್ಲೇ ಎಷ್ಟೋ ಸಲ ಸೆಂಟ್ರಿಯೋಲ್ ಮತ್ತು ಬೇಸಲ್ ಬಾಡಿಗೆ (ಸಿಲಿಯಂ ಬುಡದಲ್ಲಿ ಕೂತ ಸೆಂಟ್ರಿಯೋಲ್) ಅಂಟುವ ಆಂಟಿಬಾಡಿಗಳಿರುತ್ತವೆ. ಇದು 1978ರಲ್ಲೇ ಪ್ರಕಟವಾದ ವಿಷಯ. ಸೆಂಟ್ರಿಯೋಲ್ ನೋಡಲು ಆ ಕಾಲದಲ್ಲಿ ಇಂಥ ಸೀರಮನ್ನೇ ಸಾಧನವಾಗಿ ಬಳಸಿದರು. ಆದ್ದರಿಂದ ಮೊಲದ ಪಾಲಿಕ್ಲೋನಲ್‌ನಲ್ಲಿ ಸೆಂಟ್ರೋಸೋಮ್ ಚುಕ್ಕೆ ಕಂಡಾಗ "ಅಲ್ಲೇ ಇರಬೇಕಾದ ಪ್ರೋಟೀನ್ ತಾನೇ" ಅಂತ ನೆಮ್ಮದಿಪಡುವ ಹಾಗಿಲ್ಲ. ನಿಜವಾದ ಸಿಗ್ನಲ್ಲೂ ಸುಳ್ಳು ಸಿಗ್ನಲ್ಲೂ ಒಂದೇ ಜಾಗದಲ್ಲಿ ಕೂತಿರಬಹುದು. ಸಿಲಿಯಾ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ.

ಅಫಿನಿಟಿ ಪ್ಯೂರಿಫೈಡ್ (ಗುರಿಗೆ ಅಂಟುವುದನ್ನಷ್ಟೇ ಆರಿಸಿದ್ದು) ಅಂತ ಇದ್ದರೆ ಅಪಾಯ ಕಡಿಮೆ, ಪೂರ್ತಿ ಹೋಗುವುದಿಲ್ಲ. ಇಮ್ಯೂನ್ ಆಗದ ಮೊಲದ ಐಜಿಜಿಯನ್ನು ಅಷ್ಟೇ ಸಾಂದ್ರತೆಯಲ್ಲಿ ಒಂದು ಕವರ್‌ಸ್ಲಿಪ್‌ಗೆ ಹಾಕಿ ನೋಡಿ. ಅದು ಬೇರೆ ಮೊಲದ್ದು, ಹಾಗಾಗಿ ಕೊನೆಯ ಮಾತು ಅಲ್ಲ. ತುಂಗಾತೀರ ಹೇಳಿದ ನಾಕ್‌ಡೌನ್ ಜೊತೆ ಗಾಮಾ ಟ್ಯೂಬುಲಿನ್ ಪ್ರಯೋಗವೇ ಇಲ್ಲಿ ತೀರ್ಪು ಕೊಡುವುದು.

ಇನ್ನೊಂದು. ಕೆಲವರು ಪೆಪ್ಟೈಡ್ ಬ್ಲಾಕಿಂಗ್ ಮಾಡಿ ಅಂತ ಸಲಹೆ ಕೊಡುತ್ತಾರೆ, ಅಂದರೆ ಆಂಟಿಬಾಡಿಯನ್ನು ಅದರದೇ ಪೆಪ್ಟೈಡ್ ಜೊತೆ ಬೆರೆಸಿ ಸಿಗ್ನಲ್ ಹೋಗುತ್ತದಾ ನೋಡುವುದು. ಅದಕ್ಕೆ ದುಡ್ಡು ಖರ್ಚು ಮಾಡಬೇಡಿ. ಆಂಟಿಬಾಡಿ ತಪ್ಪು ಪ್ರೋಟೀನ್ ಹಿಡಿಯುತ್ತಿದ್ದರೂ ಪೆಪ್ಟೈಡ್ ಅದರ ಬಾಯಿ ಮುಚ್ಚುತ್ತದೆ, ತಪ್ಪು ಸಿಗ್ನಲ್ಲೂ ಮಾಯವಾಗುತ್ತದೆ. ಆಮೇಲೆ ಎಲ್ಲ ಸರಿಯಾಗಿದೆ ಅಂತ ಅನಿಸುತ್ತದೆ.

2016ರಲ್ಲಿ ಆಂಟಿಬಾಡಿ ಪರೀಕ್ಷೆಗೆಂದೇ ಸೇರಿದ ಅಂತರರಾಷ್ಟ್ರೀಯ ಗುಂಪು ಐದು ದಾರಿ ಸೂಚಿಸಿತು. ಜೀನ್ ತೆಗೆದು ನೋಡುವುದು, ಆಂಟಿಬಾಡಿ ಇಲ್ಲದ ಬೇರೆ ವಿಧಾನದಿಂದ ಅಳೆದು ಹೋಲಿಸುವುದು, ಅದೇ ಪ್ರೋಟೀನ್‌ನ ಬೇರೆ ಎಪಿಟೋಪ್ (ಆಂಟಿಬಾಡಿ ಅಂಟುವ ಜಾಗ) ಹಿಡಿಯುವ ಎರಡನೇ ಆಂಟಿಬಾಡಿ, ಟ್ಯಾಗ್ ಹಾಕಿದ ಪ್ರೋಟೀನ್, ಹಿಡಿದಿದ್ದನ್ನು ಮಾಸ್ ಸ್ಪೆಕ್‌ನಲ್ಲಿ ಗುರುತಿಸುವುದು. ಐದೂ ಮಾಡಿ ಅಂತ ಅಲ್ಲ. ನಿಮ್ಮ ವಿಷಯದಲ್ಲಿ ನಾಕ್‌ಡೌನ್, ಮತ್ತೆ ಜಿಎಫ್‌ಪಿ (ತಾನೇ ಹೊಳೆಯುವ ಪ್ರೋಟೀನ್) ಟ್ಯಾಗ್ ಇರುವ ಐಎಫ್‌ಟಿ88 ಸಿಕ್ಕರೆ ಅದು. ಟ್ಯಾಗ್ ಹಾಕಿದ್ದನ್ನು ಅತಿಯಾಗಿ ತಯಾರಿಸಿದರೆ ಜಾಗ ತಪ್ಪುತ್ತದೆ, ಕಡಿಮೆ ಮಟ್ಟದಲ್ಲಿ ತಯಾರಿಸುವ ಸೆಲ್ ಲೈನ್ ಹುಡುಕಿ.

ಮೂಗಿನ_ಸಿಲಿಯಾ

ನಾನು ಆಸ್ಪತ್ರೆ ಕಡೆಯವನು, ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯಾ ಪತ್ತೆ ಮಾಡುವ ಕೆಲಸ. ಸಿಲಿಯಾ ಬಡಿಯದೆ ಮಕ್ಕಳಿಗೆ ಹುಟ್ಟಿನಿಂದಲೇ ಕಫ, ಸೈನಸ್, ಕಿವಿ ಸೋಂಕು. ಕೆಲವರಿಗೆ ಹೃದಯ ಬಲಗಡೆ ಇರುತ್ತದೆ. ಮೂಗಿನೊಳಗೆ ಬ್ರಷ್ ಆಡಿಸಿ ತೆಗೆದ ಸೆಲ್‌ಗಳಿಗೆ ಡಿಎನ್‌ಎಎಚ್5 ಆಂಟಿಬಾಡಿ ಹಾಕುತ್ತೇವೆ.

ನಿಮ್ಮ ಚರ್ಚೆ ಓದುವಾಗ ಅನ್ನಿಸಿದ್ದು, ನಮ್ಮ ಕೆಲಸ ಈ ಒಂದು ವಿಷಯದಲ್ಲಿ ಸುಲಭ. ಡಿಎನ್‌ಎಎಚ್5 ಅಂದರೆ ಸಿಲಿಯಾ ಒಳಗಿನ ಹೊರಸಾಲಿನ ಡೈನೀನ್ ತೋಳಿನ (ಸಿಲಿಯಾ ಬಡಿಯುವಂತೆ ಮಾಡುವ ಮೋಟರ್) ಒಂದು ಭಾಗ. ಅದು ಇಲ್ಲದ ರೋಗಿಯಲ್ಲೂ ಸಿಲಿಯಾ ಹಾಗೇ ನಿಂತಿರುತ್ತದೆ, ಟ್ಯೂಬುಲಿನ್ ಹಸಿರು ಚೆನ್ನಾಗಿ ಕಾಣುತ್ತದೆ, ಡಿಎನ್‌ಎಎಚ್5 ಕೆಂಪು ಮಾತ್ರ ಇರುವುದಿಲ್ಲ. ಹಾಗಾಗಿ ರೋಗಿಯ ಸೆಲ್ಲೇ ಆಂಟಿಬಾಡಿಗೆ ಪರೀಕ್ಷೆ ಆಗಿಬಿಡುತ್ತದೆ. ಡೈನೀನ್ ತೋಳು ಇಲ್ಲದ್ದು ಈ ಕಾಯಿಲೆಗೆ ಕಾರಣ ಅಂತ ಅಫ್ಝೇಲಿಯಸ್ 1976ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ ತೋರಿಸಿದ್ದರು, ಈಗ ಅದರ ಒಂದು ಪಾಲನ್ನು ಆಂಟಿಬಾಡಿಯಿಂದ ನೋಡುತ್ತೇವೆ.

ಆದರೂ ಆರೋಗ್ಯವಂತರ ಸ್ಯಾಂಪಲ್ ಪಕ್ಕದಲ್ಲಿ ಇಲ್ಲದೆ ನಾವು ಯಾವತ್ತೂ ಓದುವುದಿಲ್ಲ. ಕೆಂಪು ಕಾಣಲಿಲ್ಲ ಅಂದಾಗ ಪ್ರೋಟೀನ್ ಇಲ್ಲವೋ, ಆವತ್ತು ಸ್ಟೇನ್ ಕೆಲಸ ಮಾಡಲಿಲ್ಲವೋ ಗೊತ್ತಾಗಬೇಕಲ್ಲ. ಇಲ್ಲಿ ತಪ್ಪಾದರೆ ಒಂದು ಮಗುವಿಗೆ ಇಲ್ಲದ ಕಾಯಿಲೆಯ ಹೆಸರು ಅಂಟುತ್ತದೆ. ಇನ್ನೂ ಒಂದು: ಸ್ಟೇನ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ, ಕೆಲವು ಜೀನ್‌ಗಳ ದೋಷದಲ್ಲಿ ಡಿಎನ್‌ಎಎಚ್5 ತನ್ನ ಜಾಗದಲ್ಲೇ ಇರುತ್ತದೆ.

ಲಾಟ್ ನಂಬರ್ ಬದಲಾದ ಪ್ರತಿ ಸಲ ಹಳೆಯದು ಮುಗಿಯುವ ಮೊದಲೇ ಹೊಸದನ್ನು ಪಕ್ಕಪಕ್ಕ ಹಾಕಿ ನೋಡುತ್ತೇವೆ. ಪಾಲಿಕ್ಲೋನಲ್ ಅಂದಮೇಲೆ ಬೇರೆ ಮೊಲ, ಬೇರೆ ರಕ್ತ. ನೀವೂ ಹಾಗೇ ಮಾಡಿ.

ಸಿಲಿಯಾ_ಹುಡುಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಉತ್ತರ ಬರೆಯಲು ತಡವಾಯಿತು, ಒಂದೊಂದೇ ಮಾಡಿ ನೋಡುತ್ತಿದ್ದೆ.

ಶಾಂತಕ್ಕ, ಬರೀ ಸೆಕೆಂಡರಿಯಲ್ಲಿ ನ್ಯೂಕ್ಲಿಯಸ್ ಕಪ್ಪಗೇ ಇತ್ತು. ಬಣ್ಣ ಸೋರುವುದೂ ಇಲ್ಲ. ಅಂದರೆ ಮಂಜು ಪ್ರೈಮರಿಯಿಂದಲೇ ಬರುತ್ತಿದೆ. ಮೆಥನಾಲ್‌ನಲ್ಲಿ ಅದು ತುಂಬ ಕಡಿಮೆ ಆಯಿತು, ಬುಡದ ಚುಕ್ಕೆ ಇನ್ನೂ ಚೂಪಾಗಿ ಬಂತು.

ಬ್ಲಾಟ್: ಕಂಟ್ರೋಲ್‌ನಲ್ಲಿ 95ರ ಹತ್ತಿರ ಒಳ್ಳೆಯ ಬ್ಯಾಂಡ್, ಎಸ್‌ಐಆರ್‌ಎನ್‌ಎ ಹಾಕಿದ್ದರಲ್ಲಿ ಅದು ಹೆಚ್ಚುಕಡಿಮೆ ಹೋಗಿದೆ. ಆದರೆ 50ರ ಆಸುಪಾಸು ಇನ್ನೊಂದು ಬ್ಯಾಂಡ್ ಎರಡರಲ್ಲೂ ಒಂದೇ ಸಮ ಇದೆ.

ಸ್ಟೇನಿಂಗ್: ನಾಕ್‌ಡೌನ್‌ನಲ್ಲಿ ಗಾಮಾ ಟ್ಯೂಬುಲಿನ್ ಹಾಗೇ ಇದೆ, ಪಕ್ಕದ ಐಎಫ್‌ಟಿ88 ಚುಕ್ಕೆ ಬಹಳ ಇಳಿದಿದೆ, ಆದರೆ ಸೊನ್ನೆ ಆಗಿಲ್ಲ. ಪಿಎಫ್‌ಎ ಸ್ಲೈಡ್‌ಗಳಲ್ಲಿ ನ್ಯೂಕ್ಲಿಯಸ್ ಮಂಜು ಎರಡರಲ್ಲೂ ಅಷ್ಟೇ. ಆ ಉಳಿದ ಚೂರು ಚುಕ್ಕೆ ಏನು ಅಂತ ಗೈಡ್ ಕೇಳುತ್ತಿದ್ದಾರೆ. ಹಳೆಮೈಸೂರು ಸರ್ ಹೇಳಿದ ಮೊಲದ ಕಥೆಯಾ, ಅಥವಾ ಎಸ್‌ಐಆರ್‌ಎನ್‌ಎ ಪೂರ್ತಿ ಕೆಲಸ ಮಾಡದೆ ಉಳಿದ ಐಎಫ್‌ಟಿ88ಆ?

ತುಂಗಾತೀರ

ಚೆನ್ನಾಗಿ ಮಾಡಿದ್ದೀರಿ. ನ್ಯೂಕ್ಲಿಯಸ್ ವಿಷಯ ಮುಗಿಯಿತು, ಪ್ರೋಟೀನ್ ಇಳಿದರೂ ಮಂಜು ಇಳಿಯಲಿಲ್ಲ ಅಂದರೆ ಅದು ಐಎಫ್‌ಟಿ88 ಅಲ್ಲ. ಪಿಎಫ್‌ಎ ಚಿತ್ರಗಳಲ್ಲಿ ನ್ಯೂಕ್ಲಿಯಸ್‌ನ ಸಿಗ್ನಲ್ ಅಳೆದು ಏನೂ ಹೇಳಲು ಹೋಗಬೇಡಿ. 50ರ ಬ್ಯಾಂಡ್ ಬೇರೆ ಪ್ರೋಟೀನ್. ದಯವಿಟ್ಟು ಫಿಗರ್‌ನಲ್ಲಿ ಅದನ್ನು ಕತ್ತರಿಸಬೇಡಿ, ಪೂರ್ತಿ ಬ್ಲಾಟ್ ಹಾಕಿ. ಓದುವವರು ಅದೇ ಆಂಟಿಬಾಡಿ ತರಿಸುವ ಮೊದಲು ಅದನ್ನು ನೋಡಬೇಕು. ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಆರ್‌ಆರ್‌ಐಡಿ (ಆಂಟಿಬಾಡಿಯ ಸಾರ್ವತ್ರಿಕ ಗುರುತಿನ ಸಂಖ್ಯೆ) ಮೂರನ್ನೂ ಮೆಥಡ್ಸ್‌ನಲ್ಲಿ ಬರೆಯಿರಿ.

ಉಳಿದ ಚುಕ್ಕೆಗೆ ಎಸ್‌ಐಆರ್‌ಎನ್‌ಎಯಿಂದ ಉತ್ತರ ಸಿಗುವುದಿಲ್ಲ. ಬ್ಲಾಟ್‌ನಲ್ಲಿ "ಹೆಚ್ಚುಕಡಿಮೆ" ಹೋಗಿದೆ ಅಂದರೆ ಸ್ವಲ್ಪ ಪ್ರೋಟೀನ್ ಇನ್ನೂ ಇದೆ, ಅದು ಬುಡದಲ್ಲೇ ಗುಂಪಾಗಿ ಕೂತಿರಬಹುದು. ನಾಕ್‌ಔಟ್ ಸೆಲ್, ಅಂದರೆ ಜೀನನ್ನೇ ಪೂರ್ತಿ ಕೆಡಿಸಿದ ಸೆಲ್ ಬೇಕು. ಮತ್ತೆ ಕಂಟ್ರೋಲ್ ಸೆಲ್‌ಗೂ ನಾಕ್‌ಔಟ್ ಸೆಲ್‌ಗೂ ಬೇರೆ ಬೇರೆ ಕವರ್‌ಸ್ಲಿಪ್ ಬೇಡ. ನಾಕ್‌ಔಟ್ ಸೆಲ್‌ಗಳಿಗೆ ಮೊದಲೇ ಫಿಕ್ಸ್ ಆದರೂ ಉಳಿಯುವ ಫಾರ್ ರೆಡ್ ಟ್ರ್ಯಾಕರ್ ಹಾಕಿ, ಎರಡನ್ನೂ ಬೆರೆಸಿ ಒಂದೇ ಕವರ್‌ಸ್ಲಿಪ್‌ನಲ್ಲಿ ಬೆಳೆಸಿ. ಒಂದೇ ಫೀಲ್ಡ್‌ನಲ್ಲಿ ಅಕ್ಕಪಕ್ಕ ಎರಡೂ ಸಿಗುತ್ತವೆ, ಆಂಟಿಬಾಡಿಯೂ ಒಂದೇ, ತೊಳೆದದ್ದೂ ಒಂದೇ. ವಯಲ್ ಖರ್ಚೂ ಅರ್ಧ. ಮೆಥನಾಲ್‌ನಲ್ಲಿ ಟ್ರ್ಯಾಕರ್ ನಿಲ್ಲುತ್ತದಾ ಅಂತ ಮಾತ್ರ ಮೊದಲೇ ಒಂದು ಸ್ಲೈಡ್‌ನಲ್ಲಿ ನೋಡಿಕೊಳ್ಳಿ. ನಾಕ್‌ಔಟ್‌ನಲ್ಲಿ ಎಷ್ಟು ಉಳಿಯುತ್ತದೋ ಅಷ್ಟು ಹಿನ್ನೆಲೆ, ಅದನ್ನು ಎಲ್ಲ ಅಳತೆಯಿಂದ ಕಳೆಯಿರಿ.

ಆರ್‌ಪಿಇ1 ಐಎಫ್‌ಟಿ88 ನಾಕ್‌ಔಟ್ ಕ್ಲೋನ್ ನಮ್ಮ ಲ್ಯಾಬ್‌ನಲ್ಲಿದೆ, ನಮ್ಮ ಬಾಸ್ ಕೊಡಲು ಒಪ್ಪುತ್ತಾರೆ. ಎಂಟಿಎ (ಸಾಮಗ್ರಿ ಹಂಚಿಕೊಳ್ಳುವ ಒಪ್ಪಂದ) ಸಹಿ ಆಗಬೇಕು, ನಿಮ್ಮ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಬೇಕು. ಗೈಡ್ ಹತ್ತಿರ ಮಾತಾಡಿ ನನಗೆ ಇಲ್ಲೇ ಮೆಸೇಜ್ ಮಾಡಿ, ಫಾರಂ ಕಳಿಸುತ್ತೇನೆ.